ಬ್ರಹ್ಮನ ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸಲ್ಲ

ಪ್ರಶ್ನೆ: ಸರ್, ನಾವು ಡೊಂಬಿವಲಿಯಲ್ಲಿ ಇರೋದು. ಮೂಲ ಉಡುಪಿ ಕಡೆ. ನಮ್ಮ ಸೊಸೈಟಿಯ ಕನ್ನಡದವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಭೂಮಿಯ ವಯಸ್ಸು 432 ಕೋಟಿ ವರ್ಷ ಅಂತ ವೇದದಲ್ಲಿ ಬರೆದಿದೆಯಂತೆ. ಬಿಗ್ ಬ್ಯಾಂಗ್ ಕೂಡ ಅದರಲ್ಲೇ ಇದೆಯಂತೆ. ನಮ್ಮ ಮಾವ ಪೂರ್ತಿ ನಂಬುತ್ತಾರೆ. ಹನ್ನೊಂದನೇ ತರಗತಿಯ ಮಗಳು ನಗುತ್ತಾಳೆ. ರಾತ್ರಿ ಊಟಕ್ಕೆ ಕೂತರೆ ಇದೇ ಜಗಳ. ನನ್ನ ಗೊಂದಲ ಬೇರೆ. ಒಂದು ಕಡೆ ಮೊಟ್ಟೆಯಿಂದ ಸೃಷ್ಟಿ ಅಂತಾರೆ, ಒಂದು ಕಡೆ ಕಮಲದಿಂದ, ಇನ್ನೊಂದು ಕಡೆ ಪುರುಷನ ಯಜ್ಞದಿಂದ. ಇದರಲ್ಲಿ ನಮ್ಮದು ಯಾವುದು?

ಉತ್ತರ: ಮೊದಲು ಲೆಕ್ಕ ಮುಗಿಸಿಬಿಡೋಣ. ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

432 ಕೋಟಿ ಅನ್ನುವುದು ಯಾರೋ ಹುಟ್ಟಿಸಿದ ಸಂಖ್ಯೆ ಅಲ್ಲ. ಆದರೆ ಅದು ಋಗ್ವೇದದಲ್ಲಿ ಇಲ್ಲ. ಪುರಾಣಗಳಲ್ಲಿ ಇದೆ, ಸೂರ್ಯಸಿದ್ಧಾಂತದಂಥ ಜ್ಯೋತಿಷ ಗ್ರಂಥಗಳಲ್ಲಿ ಇದೆ. ಅದಕ್ಕೆ ಬೇಕಾದ ಲೆಕ್ಕ ಮನುಸ್ಮೃತಿಯ ಮೊದಲ ಅಧ್ಯಾಯದಲ್ಲೂ ಸಿಗುತ್ತದೆ. ಕಲಿಯುಗಕ್ಕೆ 4,32,000 ವರ್ಷ. ದ್ವಾಪರ ಅದರ ಎರಡರಷ್ಟು, ತ್ರೇತಾ ಮೂರರಷ್ಟು, ಕೃತ ನಾಲ್ಕರಷ್ಟು. ನಾಲ್ಕೂ ಕೂಡಿದರೆ 43,20,000, ಅದೇ ಒಂದು ಮಹಾಯುಗ. ಇಂಥವು ಸಾವಿರ ಕಳೆದರೆ ಬ್ರಹ್ಮನಿಗೆ ಒಂದು ಹಗಲು. ಅದೇ ಒಂದು ಕಲ್ಪ, 432 ಕೋಟಿ ವರ್ಷ.

ಅಂದರೆ ಇದು ಹಗಲಿನ ಉದ್ದ. ಆ ಹಗಲಲ್ಲಿ ಈಗ ಎಷ್ಟು ಹೊತ್ತಾಗಿದೆ? ಅದನ್ನೂ ನಮ್ಮವರು ಹೇಳಿದ್ದಾರೆ. ನೀವು ಎಷ್ಟೋ ಸಲ ಕೇಳಿಯೂ ಇದ್ದೀರಿ. ಮನೆಯಲ್ಲಿ ಸತ್ಯನಾರಾಯಣ ಪೂಜೆ ಆದಾಗ ಭಟ್ರು ಸಂಕಲ್ಪ ಹೇಳುತ್ತಾರಲ್ಲ, ಸ್ವಲ್ಪ ಕಿವಿಗೊಟ್ಟು ಕೇಳಿ. "ದ್ವಿತೀಯ ಪರಾರ್ಧೇ, ಶ್ವೇತವರಾಹ ಕಲ್ಪೇ, ವೈವಸ್ವತ ಮನ್ವಂತರೇ, ಅಷ್ಟಾವಿಂಶತಿತಮೇ ಕಲಿಯುಗೇ, ಪ್ರಥಮ ಪಾದೇ". ಆಮೇಲೆ ಗೋದಾವರಿಯ ದಕ್ಷಿಣ ತೀರ ಬರುತ್ತದೆ, ಸಂವತ್ಸರ, ತಿಥಿ, ನಿಮ್ಮ ಗೋತ್ರ, ಹೆಸರು. ನಾವು ಅಕ್ಷತೆ ಹಿಡಿದುಕೊಂಡು, ಪ್ರಸಾದ ಎಷ್ಟು ಹೊತ್ತಿಗೋ ಅಂತ ಕೂತಿರುತ್ತೇವೆ. ಭಟ್ರು ಮಾತ್ರ ಬ್ರಹ್ಮನ ಆಯುಸ್ಸಿನಿಂದ ಶುರು ಮಾಡಿ ನಿಮ್ಮ ಮನೆಯ ಹಾಲ್ ತನಕ ವಿಳಾಸ ಬರೆಯುತ್ತಿರುತ್ತಾರೆ.

ಆ ವಿಳಾಸವನ್ನು ವರ್ಷಕ್ಕೆ ಇಳಿಸಿ ನೋಡಿ. ಒಂದು ಕಲ್ಪದಲ್ಲಿ 14 ಮನ್ವಂತರ. ಒಂದೊಂದಕ್ಕೂ 71 ಮಹಾಯುಗ. ಆರು ಮನ್ವಂತರ ಮುಗಿದಿವೆ, ನಡೆಯುತ್ತಿರುವುದು ಏಳನೆಯದು. ಅದರಲ್ಲಿ 27 ಮಹಾಯುಗ ಮುಗಿದು, 28ನೆಯದರ ಕಲಿಯುಗದಲ್ಲಿ ಇದ್ದೇವೆ. ಮನ್ವಂತರಗಳ ನಡುವಿನ ಸಂಧಿಕಾಲವನ್ನೂ ಸೇರಿಸಿದರೆ ಈವರೆಗೆ ಕಳೆದದ್ದು ಸುಮಾರು 197 ಕೋಟಿ 29 ಲಕ್ಷ ವರ್ಷ. ಸಂಪ್ರದಾಯದ ಲೆಕ್ಕದಲ್ಲಿ ಈ ಸೃಷ್ಟಿಗೆ ಇರುವ ವಯಸ್ಸು ಇದು. ಸೂರ್ಯಸಿದ್ಧಾಂತ ಇದರಲ್ಲೂ ಸ್ವಲ್ಪ ಕಳೆಯುತ್ತದೆ. ಬ್ರಹ್ಮನಿಗೆ ಸೃಷ್ಟಿ ಮಾಡೋದಕ್ಕೇ 1,70,64,000 ವರ್ಷ ಹಿಡಿಯಿತು, ಅದನ್ನು ಬಿಟ್ಟು ಎಣಿಸಿ ಅನ್ನುತ್ತದೆ.

ವಿಜ್ಞಾನ ಹೇಳುವ ಭೂಮಿಯ ವಯಸ್ಸು 454 ಕೋಟಿ ವರ್ಷ. ವಿಶ್ವದ್ದು 1380 ಕೋಟಿ. ನಮ್ಮ ಲೆಕ್ಕದಲ್ಲಿ ಬ್ರಹ್ಮನ ಆಯುಸ್ಸು ಅರ್ಧ ಮುಗಿದಿದೆ. ದ್ವಿತೀಯ ಪರಾರ್ಧ ಅಂದರೆ ಅದೇ. ಆ ಅರ್ಧವನ್ನು ವರ್ಷ ಮಾಡಿದರೆ 1380 ಕೋಟಿಗಿಂತ ಹನ್ನೊಂದು ಸಾವಿರ ಪಟ್ಟು ಜಾಸ್ತಿ ಬರುತ್ತದೆ. ಹೀಗೆ ಮೂರು ಸಂಖ್ಯೆ ಇವೆ: ಕಳೆದ ಹೊತ್ತು, ಹಗಲಿನ ಉದ್ದ, ಬ್ರಹ್ಮನ ವಯಸ್ಸು. ಮೂರರಲ್ಲಿ ಒಂದು ಮಾತ್ರ ವಿಜ್ಞಾನದ ಒಂದು ಸಂಖ್ಯೆಯ ಹತ್ತಿರ ಬರುತ್ತದೆ. ಮೆಸೇಜ್ ಬರೆದವರು ಅದನ್ನೇ ಆರಿಸಿಕೊಂಡು ಉಳಿದೆರಡನ್ನು ಬಿಟ್ಟಿದ್ದಾರೆ. ನಿಮ್ಮ ಮಗಳು ನಗುವುದು ಇದಕ್ಕಾದರೆ ನಗಲಿ.

ಈ 432 ಎಲ್ಲಿಂದ ಬಂತು ಅನ್ನುವುದೂ ಗುಟ್ಟೇನಲ್ಲ. ವರ್ಷಕ್ಕೆ 360 ದಿನ ಅಂತ ಹಿಡಿಯಿರಿ. ನಮ್ಮ ಒಂದು ವರ್ಷ ದೇವತೆಗಳಿಗೆ ಒಂದು ದಿನ. ಕಲಿಯುಗ ಅವರ 1200 ವರ್ಷ. 1200ಕ್ಕೆ 360 ಗುಣಿಸಿದರೆ 4,32,000. ಶತಪಥ ಬ್ರಾಹ್ಮಣ ಅನ್ನುವ ವೈದಿಕ ಗ್ರಂಥದಲ್ಲಿ ಇದೇ ಸಂಖ್ಯೆ ಬೇರೆ ದಾರಿಯಲ್ಲಿ ಬರುತ್ತದೆ. ಅಲ್ಲಿ ಅದು ವರ್ಷದ ಲೆಕ್ಕವೇ ಅಲ್ಲ. ಋಕ್ಕುಗಳ, ಅಂದರೆ ಋಗ್ವೇದದ ಪದ್ಯಗಳ, ಅಕ್ಷರ ಎಣಿಸಿದರೆ 12,000 ಬೃಹತೀ ಛಂದಸ್ಸಿನಷ್ಟು, ಒಂದಕ್ಕೆ 36 ಅಕ್ಷರ, ಒಟ್ಟು 4,32,000 ಅನ್ನುತ್ತದೆ. ಬಾಬಿಲೋನಿನ ಪುರೋಹಿತ ಬೆರೋಸಸ್ ಕೂಡ ಮಹಾಪ್ರಳಯಕ್ಕೆ ಮುಂಚಿನ ರಾಜರು ಒಟ್ಟು 4,32,000 ವರ್ಷ ಆಳಿದರು ಅಂತ ಬರೆದಿದ್ದ. ಅವರೂ ಅರವತ್ತರ ಮಗ್ಗಿಯವರು. ಹನ್ನೆರಡು, ಮೂವತ್ತು, ಅರವತ್ತು ಇಟ್ಟುಕೊಂಡು ಕ್ಯಾಲೆಂಡರ್ ಮಾಡುವವರಿಗೆ ಈ ಸಂಖ್ಯೆ ತಾನಾಗಿ ಎದುರಾಗುತ್ತದೆ. ಎಲ್ಲರೂ ಇದನ್ನು ಒಪ್ಪಿದರು ಅಂತಲೂ ಇಲ್ಲ. ಆರ್ಯಭಟ ನಾಲ್ಕು ಯುಗಗಳನ್ನೂ ಸಮ ಮಾಡಿದ, ಕಲ್ಪಕ್ಕೆ 1008 ಮಹಾಯುಗ ಅಂದ. ಸ್ಮೃತಿ ಬಿಟ್ಟು ಹೋದ ಅಂತ ಬ್ರಹ್ಮಗುಪ್ತ ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡ.

ಲೆಕ್ಕ ಇಷ್ಟು ಸಾಕು. ಇನ್ನು ನಿಮ್ಮ ಗೊಂದಲಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಮೂವರ ಪ್ರಶ್ನೆಯಲ್ಲಿ ನಿಮ್ಮದೇ ಸರಿಯಾದದ್ದು.

ನಮ್ಮ ಗ್ರಂಥಗಳಲ್ಲಿ ಸೃಷ್ಟಿಗೆ ಒಂದೇ ಉತ್ತರ ಇಲ್ಲ. ಒಂದು ಹೇಳಿದ್ದನ್ನು ಇನ್ನೊಂದು ಅಲ್ಲಗಳೆಯುತ್ತದೆ, ಎರಡನ್ನೂ ಉಳಿಸಿಕೊಂಡಿದ್ದಾರೆ. ಬರೀ ಋಗ್ವೇದದ ಹತ್ತನೇ ಮಂಡಲ ತೆಗೆದುಕೊಳ್ಳಿ. 81ನೇ ಸೂಕ್ತದಲ್ಲಿ ವಿಶ್ವಕರ್ಮ ಬಡಗಿಯ ಹಾಗೆ ಜಗತ್ತನ್ನು ಕೆತ್ತುತ್ತಾನೆ. ಕವಿ ಅಲ್ಲೇ ನಿಂತು ಕೇಳುತ್ತಾನೆ: ಅದು ಯಾವ ಕಾಡು, ಯಾವ ಮರ? ಕೆತ್ತುವಾಗ ಅವನು ಎಲ್ಲಿ ನಿಂತಿದ್ದ? 90ನೆಯದು ಪುರುಷಸೂಕ್ತ. ಸಾವಿರ ತಲೆಯ ಪುರುಷನನ್ನು ದೇವತೆಗಳು ಯಜ್ಞದಲ್ಲಿ ಹಂಚುತ್ತಾರೆ. ಮನಸ್ಸಿನಿಂದ ಚಂದ್ರ, ಕಣ್ಣಿನಿಂದ ಸೂರ್ಯ, ಉಸಿರಿನಿಂದ ಗಾಳಿ. ದೇವಸ್ಥಾನದ ಅಭಿಷೇಕದಲ್ಲಿ ಕೇಳಿ ಕೇಳಿ ಇದು ಎಲ್ಲರಿಗೂ ಗೊತ್ತು. 121ರಲ್ಲಿ ಹಿರಣ್ಯಗರ್ಭ ಬರುತ್ತಾನೆ. ಒಂಬತ್ತು ಋಕ್ಕುಗಳು "ಯಾವ ದೇವರಿಗೆ ಹವಿಸ್ಸು ಕೊಡೋಣ?" ಅಂತ ಕೇಳಿ ನಿಲ್ಲುತ್ತವೆ. ಹತ್ತನೆಯದರಲ್ಲಿ ಮಾತ್ರ ಪ್ರಜಾಪತಿಯ ಹೆಸರು ಬರುತ್ತದೆ. 72ರಲ್ಲಿ ಅದಿತಿಯಿಂದ ದಕ್ಷ ಹುಟ್ಟಿದ, ದಕ್ಷನಿಂದ ಅದಿತಿ ಹುಟ್ಟಿದಳು ಅಂತ ಇದೆ. ತಾಯಿ ಯಾರು, ಮಗು ಯಾರು? ಕವಿ ಬಿಡಿಸಿ ಹೇಳಲು ಹೋಗುವುದೇ ಇಲ್ಲ.

ಆಮೇಲೆ 129. ನಾಸದೀಯ ಸೂಕ್ತ. ಏಳೇ ಋಕ್ಕು. ಬಿಗ್ ಬ್ಯಾಂಗ್ ಮೆಸೇಜುಗಳೆಲ್ಲ ಇದನ್ನೇ ಹಿಡಿದುಕೊಳ್ಳುತ್ತವೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನನ್ನ ಕನ್ನಡದಲ್ಲಿ ಅದರ ಹುರುಳು ಹೀಗಿದೆ.

ಆಗ ಇಲ್ಲ ಅನ್ನುವುದೂ ಇರಲಿಲ್ಲ, ಇದೆ ಅನ್ನುವುದೂ ಇರಲಿಲ್ಲ. ಗಾಳಿಯ ಬಯಲಿಲ್ಲ, ಅದರಾಚೆಯ ಬಾನೂ ಇಲ್ಲ. ಏನು ಮುಸುಕಿತ್ತು? ಎಲ್ಲಿ? ಯಾರ ಆಸರೆಯಲ್ಲಿ? ನೀರಿತ್ತೇ, ಆಳ ಸಿಗದ ನೀರು? ಸಾವು ಇರಲಿಲ್ಲ, ಸಾಯದಿರುವುದೂ ಇರಲಿಲ್ಲ. ರಾತ್ರಿಗೂ ಹಗಲಿಗೂ ಗುರುತಿಲ್ಲ. ಗಾಳಿಯೇ ಇಲ್ಲದೆ ಆ ಒಂದು ತನ್ನಷ್ಟಕ್ಕೆ ಉಸಿರಾಡಿತು. ಕತ್ತಲನ್ನು ಕತ್ತಲೇ ಮುಚ್ಚಿತ್ತು. ಕಾವಿನಿಂದ ಆ ಒಂದು ಹುಟ್ಟಿತು. ಮೊದಲು ಬಂದದ್ದು ಆಸೆ, ಮನಸ್ಸಿನ ಮೊದಲ ಬೀಜ.

ನಾಲ್ಕನೇ ಋಕ್ಕಿನವರೆಗೆ ಇಷ್ಟು. ಮೆಸೇಜಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಏನೂ ಇಲ್ಲ, ಕಾವು, ಆಮೇಲೆ ಎಲ್ಲವೂ. ನೋಡಿ, ಬಿಗ್ ಬ್ಯಾಂಗ್! ಅಲ್ವಾ? ಆದರೆ ಸೂಕ್ತ ನಿಲ್ಲುವುದಿಲ್ಲ. ಐದನೆಯದರಲ್ಲಿ ಕವಿ ಅಡ್ಡಲಾಗಿ ಒಂದು ದಾರ ಹಿಡಿದು ಅಳೆಯಲು ನೋಡುತ್ತಾನೆ. ಕೆಳಗಿತ್ತೇ, ಮೇಲಿತ್ತೇ? ಆರನೆಯದರಲ್ಲಿ ಕೈಚೆಲ್ಲುತ್ತಾನೆ. ನಿಜವಾಗಿ ಯಾರಿಗೆ ಗೊತ್ತು? ಇಲ್ಲಿ ಯಾರು ಹೇಳಬಲ್ಲರು? ದೇವತೆಗಳೂ ಈ ಸೃಷ್ಟಿಯ ಈಚೆಗೆ ಬಂದವರು. ಏಳನೆಯದು ಕೊನೆಯದು: ಈ ಸೃಷ್ಟಿ ಎಲ್ಲಿಂದ ಬಂತೋ, ಯಾರಾದರೂ ಮಾಡಿದರೋ ಇಲ್ಲವೋ, ಮೇಲಿನ ಬಾನಿನಲ್ಲಿ ಇದನ್ನು ನೋಡಿಕೊಳ್ಳುವವನು ಯಾರೋ, ಅವನಿಗೆ ಗೊತ್ತಿರಬೇಕು. ಅಥವಾ ಅವನಿಗೂ ಗೊತ್ತಿಲ್ಲವೋ.

ಹಾಡು ಮುಗಿಯಿತು. ದೇವರಿಗೆ ಇಂಥದ್ದು ಕೊಡು ಅನ್ನುವ ಬೇಡಿಕೆ ಇಲ್ಲ. ಸ್ತುತಿ ಇಲ್ಲ.

ಇಲ್ಲಿ ಒಂದು ಸಣ್ಣ ವಿಷಯ ತೋರಿಸಬೇಕು. ಈ ಸೂಕ್ತ ತ್ರಿಷ್ಟುಪ್ ಛಂದಸ್ಸಿನಲ್ಲಿದೆ, ಪಾದಕ್ಕೆ 11 ಅಕ್ಷರ. ಕೊನೆಯ ಋಕ್ಕಿನ ಎರಡನೇ ಪಾದ "ಯದಿ ವಾ ದಧೇ ಯದಿ ವಾ ನ". ಬೆರಳು ಮಡಚಿ ಎಣಿಸಿ. ಒಂಬತ್ತೇ. ಮಾಡಿದನೋ ಇಲ್ಲವೋ ಅನ್ನುವ ಜಾಗಕ್ಕೆ ಬಂದಾಗ ಸಾಲು ಎರಡು ಅಕ್ಷರ ಮೊದಲೇ ನಿಂತುಬಿಡುತ್ತದೆ. ಕವಿ ಬೇಕೆಂದೇ ಮಾಡಿದನೋ ಏನೋ, ವಿದ್ವಾಂಸರು ವಾದ ಮಾಡುತ್ತಾರೆ. ನನಗಂತೂ ಬೇಕೆಂದೇ ಅನ್ನಿಸುತ್ತದೆ. ಇನ್ನೊಂದು ದೊಡ್ಡ ಮಾತು ಅಂದರೆ, ಅಷ್ಟು ಕಾಲ ಬಾಯಿಂದ ಬಾಯಿಗೆ ದಾಟಿ ಬರುವಾಗಲೂ ಯಾರೂ ಆ ಎರಡು ಅಕ್ಷರ ತುಂಬಿಸಲು ಹೋಗಲಿಲ್ಲ. ಪುಣೆಯ ಲಾ ಕಾಲೇಜ್ ರಸ್ತೆಯ ಭಂಡಾರಕರ್ ಸಂಸ್ಥೆಯಲ್ಲಿ ಋಗ್ವೇದದ 30 ಹಸ್ತಪ್ರತಿಗಳಿವೆ. 2007ರಲ್ಲಿ ಯುನೆಸ್ಕೋ ಅವನ್ನು ವಿಶ್ವ ಸ್ಮೃತಿಯ ಪಟ್ಟಿಗೆ ಸೇರಿಸಿತು. ಕಾಲ ನಮೂದಾದವುಗಳಲ್ಲಿ ಹಳೆಯದು 1464ರದ್ದು. ಕಾಶ್ಮೀರದಿಂದ ಬಂದ, ಭೂರ್ಜದ ತೊಗಟೆಯ ಮೇಲೆ ಶಾರದಾ ಲಿಪಿಯಲ್ಲಿ ಬರೆದ ಪ್ರತಿಯೂ ಅದರಲ್ಲಿದೆ.

ಹಾಗಂತ ಆ ಸಂದೇಹ ಎಲ್ಲರಿಗೂ ಹಿಡಿಸಿತು ಅಂತ ತಿಳಿಯಬೇಡಿ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ, ನಮ್ಮ ಕನ್ನಡ ನೆಲದಲ್ಲೇ, ಸಾಯಣಾಚಾರ್ಯರು ಋಗ್ವೇದಕ್ಕೆ ಭಾಷ್ಯ ಬರೆದರು. ಕೊನೆಯ ಸಾಲಿಗೆ ಬಂದಾಗ ಅವರು ಅದನ್ನು ಬಿಗಿಮಾಡುತ್ತಾರೆ. ಅವನಿಗೇ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರುತ್ತದೆ, ಎಲ್ಲ ಬಲ್ಲ ಈಶ್ವರನಿಗೆ ಮಾತ್ರ ಗೊತ್ತು ಅನ್ನುವುದು ಅವರ ಅರ್ಥ. ಪ್ರಶ್ನೆಯನ್ನು ಉತ್ತರ ಮಾಡಿಬಿಟ್ಟರು. ಭಾಷ್ಯಕಾರರಿಗೆ ಅದು ಕೆಲಸ, ತಪ್ಪಲ್ಲ. ಆದರೆ ಮೂಲ ಓದಿದವರಿಗೆ ಆ ಕೊಂಕು ಕಾಣದೆ ಇರದು.

ಉಪನಿಷತ್ತುಗಳಿಗೆ ಬಂದರೆ ಜಗಳ ಇನ್ನೂ ನೇರ. ಛಾಂದೋಗ್ಯದ ಮೂರನೇ ಅಧ್ಯಾಯ ಮೊಟ್ಟೆಯ ಕತೆ ಹೇಳುತ್ತದೆ. ಮೊದಲು ಅಸತ್ತು, ಅಂದರೆ ಇಲ್ಲದಿರುವಿಕೆ ಇತ್ತು, ಅದು ಇರುವಿಕೆಗೆ ಬಂತು, ಮೊಟ್ಟೆಯಾಯಿತು. ಒಂದು ವರ್ಷ ಹಾಗೇ ಇದ್ದು ಒಡೆಯಿತು. ಚಿಪ್ಪಿನ ಬೆಳ್ಳಿಯ ಹೋಳು ಭೂಮಿ, ಚಿನ್ನದ ಹೋಳು ಬಾನು. ಹೊರಪೊರೆ ಬೆಟ್ಟಗಳಾಯಿತು, ಒಳಪೊರೆ ಮೋಡ ಮಂಜು, ನರಗಳು ನದಿಗಳು, ಒಳಗಿನ ದ್ರವ ಸಮುದ್ರ. ಕೋಳಿ ಮೊಟ್ಟೆ ಒಡೆದು ಹತ್ತಿರದಿಂದ ನೋಡಿದವರೇ ಇದನ್ನು ಹೇಳಿರಬೇಕು. ಅದೇ ಛಾಂದೋಗ್ಯದ ಆರನೇ ಅಧ್ಯಾಯಕ್ಕೆ ಹೋಗಿ. ಉದ್ದಾಲಕ ಮಗ ಶ್ವೇತಕೇತುವಿಗೆ ಹೇಳುತ್ತಾನೆ: ಮೊದಲು ಇದ್ದದ್ದು ಸತ್, ಅಂದರೆ ಇರುವಿಕೆ ಮಾತ್ರ, ಎರಡನೆಯದಿಲ್ಲದ ಒಂದು. ಕೆಲವರು ಅಸತ್ತು ಇತ್ತು ಅಂತಾರೆ. ಅದು ಹೇಗಪ್ಪಾ ಆಗುತ್ತದೆ? ಇಲ್ಲದ್ದರಿಂದ ಇರುವುದು ಹೇಗೆ ಹುಟ್ಟುತ್ತದೆ? ಆ ಕೆಲವರು ಯಾರು? ಮೂರು ಅಧ್ಯಾಯ ಹಿಂದೆ, ಅದೇ ಪುಸ್ತಕದಲ್ಲಿ ಇದ್ದವರು!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೃಹದಾರಣ್ಯಕದ್ದು. ಮೊದಲು ಆತ್ಮನೊಬ್ಬನೇ ಇದ್ದ, ಮನುಷ್ಯನ ಆಕಾರದಲ್ಲಿ. ಸುತ್ತ ನೋಡಿದ, ಯಾರೂ ಇಲ್ಲ. ಹೆದರಿದ. ಅದಕ್ಕೇ ಒಂಟಿಯಾಗಿರುವವರಿಗೆ ಇವತ್ತಿಗೂ ಹೆದರಿಕೆ ಆಗುತ್ತದೆ ಅನ್ನುತ್ತದೆ ಉಪನಿಷತ್ತು. ಆಮೇಲೆ ಯೋಚಿಸಿದ: ನನ್ನ ಬಿಟ್ಟರೆ ಇನ್ನೊಬ್ಬರೇ ಇಲ್ಲ, ಮತ್ತೆ ಯಾರಿಗೆ ಹೆದರುವುದು? ಹೆದರಿಕೆ ಹೋಯಿತು. ಆದರೆ ಖುಷಿ ಬರಲಿಲ್ಲ. ಜೊತೆ ಬೇಕು ಅನ್ನಿಸಿ ತನ್ನನ್ನೇ ಎರಡು ಮಾಡಿಕೊಂಡ. ಗಂಡ, ಹೆಂಡತಿ. ಅವಳು ನಾಚಿ ಹಸುವಾಗಿ ಅಡಗಿದಳು, ಅವನು ಗೂಳಿಯಾದ. ಅವಳು ಕುದುರೆಯಾದಳು, ಹೀಗೇ ಇರುವೆಯವರೆಗೆ. ಸೃಷ್ಟಿಗೆ ಕಾರಣ ಒಂಟಿತನದ ಬೇಸರ! ಇದಕ್ಕೆ ಯಾವ ವಿಜ್ಞಾನದ ಸರ್ಟಿಫಿಕೇಟ್ ಬೇಕು ಹೇಳಿ. ಸುಮ್ನೆ ಓದಿದರೆ ಸಾಲದೇ?

ಕಮಲದ ಕತೆ ಮಹಾಭಾರತ, ಪುರಾಣಗಳದ್ದು. ಶೇಷನ ಮೇಲೆ ವಿಷ್ಣು, ಹೊಕ್ಕುಳಿಂದ ಕಮಲ, ಅದರಲ್ಲಿ ಬ್ರಹ್ಮ. ಕ್ಯಾಲೆಂಡರ್ ಚಿತ್ರ ಎಲ್ಲರೂ ನೋಡಿದ್ದೇವೆ. ಭಾಗವತ ಅದಕ್ಕೆ ಒಂದು ಒಳ್ಳೆಯ ಮಾತು ಸೇರಿಸುತ್ತದೆ. ಕಮಲದಲ್ಲಿ ಕೂತ ಬ್ರಹ್ಮನಿಗೆ ತಾನು ಎಲ್ಲಿಂದ ಬಂದೆ ಅಂತ ಗೊತ್ತಾಗುವುದಿಲ್ಲ. ದಂಟಿನೊಳಗೆ ಇಳಿದು ಬುಡ ಹುಡುಕುತ್ತಾನೆ. ಸಿಗುವುದಿಲ್ಲ. ಕೊನೆಗೆ ಮೇಲೆ ಬಂದು ಧ್ಯಾನಕ್ಕೆ ಕೂರುತ್ತಾನೆ.

ಇಷ್ಟೊಂದು ಉತ್ತರಗಳನ್ನು ಆಚಾರ್ಯರು ಹೇಗೆ ಸಂಭಾಳಿಸಿದರು? ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಇದನ್ನೇ ಎತ್ತಿಕೊಳ್ಳುತ್ತಾರೆ. ಸೃಷ್ಟಿಯ ಕ್ರಮದಲ್ಲಿ ಭೇದ ಇದ್ದರೆ ಇರಲಿ, ಶ್ರುತಿ ಹೇಳಲು ಹೊರಟಿರುವುದು ಸೃಷ್ಟಿಯನ್ನಲ್ಲ, ಬ್ರಹ್ಮವನ್ನು ಅನ್ನುತ್ತಾರೆ. ನಿಮ್ಮ ಮಾವ ಮಧ್ವ ಸಂಪ್ರದಾಯದವರಾದರೆ ಅವರಿಗೆ ಈ ದಾರಿ ಒಪ್ಪಿಗೆಯಾಗದು. ಮಧ್ವಾಚಾರ್ಯರಿಗೆ ಜಗತ್ತು ಸತ್ಯ, ಸೃಷ್ಟಿಯೂ ಸತ್ಯ. ಪ್ರಕೃತಿ ಅನಾದಿ. ವಿಷ್ಣು ಅದನ್ನು ಇಟ್ಟುಕೊಂಡು ಸೃಷ್ಟಿಸುವ ನಿಮಿತ್ತ ಕಾರಣ, ತಾನೇ ಜಗತ್ತಾಗುವುದಿಲ್ಲ. ಏನೂ ಇಲ್ಲದ್ದರಿಂದ ಎಲ್ಲ ಬಂತು ಅನ್ನುವುದನ್ನು ಅವರು ಒಪ್ಪುವ ಮಾತೇ ಇಲ್ಲ. ಹಾಗಾಗಿ "ಶೂನ್ಯದಿಂದ ಬಿಗ್ ಬ್ಯಾಂಗ್" ಮೆಸೇಜನ್ನು ಮಾವನವರು ಫಾರ್ವರ್ಡ್ ಮಾಡುವ ಮುಂಚೆ ಇದನ್ನು ನೆನಪಿಸಿ. ಆಮೇಲೆ ಆಗುವ ಜಗಳಕ್ಕೆ ನಾನು ಜವಾಬ್ದಾರನಲ್ಲ.

ಇವರೆಲ್ಲರಿಗಿಂತ ಗಟ್ಟಿ ಪಿಂಡ ಕುಮಾರಿಲ ಭಟ್ಟ. ವೇದಕ್ಕಾಗಿ ಅವನಷ್ಟು ಹೋರಾಡಿದವರು ಕಡಿಮೆ. ಅವನು ಸೃಷ್ಟಿಯೇ ಆಗಿಲ್ಲ ಅನ್ನುತ್ತಾನೆ. ಜಗತ್ತು ಯಾವಾಗಲೂ ಹೀಗೇ ಇತ್ತು. ಶ್ಲೋಕವಾರ್ತಿಕದಲ್ಲಿ ಅವನ ಪ್ರಶ್ನೆಗಳ ಮಳೆ ನೋಡಬೇಕು. ಏನೂ ಇಲ್ಲದಾಗ ಪ್ರಜಾಪತಿ ಎಲ್ಲಿದ್ದ? ಅವನಿಗೆ ಮೈ ಇತ್ತೇ? ಇದ್ದರೆ ಅದನ್ನು ಮಾಡಿದವರು ಯಾರು? ಇಲ್ಲದಿದ್ದರೆ ಸೃಷ್ಟಿಸುವ ಆಸೆ ಹೇಗೆ ಬಂತು? ಆಗ ಮನುಷ್ಯರೇ ಇರಲಿಲ್ಲವಲ್ಲ, ನೋಡಿ ನಮಗೆ ಹೇಳಿದವರು ಯಾರು? ಇದೆಲ್ಲ ಕೇಳಿದವನು ನಾಸ್ತಿಕನಲ್ಲ, ಕಟ್ಟಾ ವೈದಿಕ. ನಿಮ್ಮ ಮಗಳಿಗೆ ಇವನನ್ನು ಪರಿಚಯ ಮಾಡಿಸಿ. ಅವಳ ಪಕ್ಷದಲ್ಲಿ ಮನೆಯ ಹಿರಿಯರೊಬ್ಬರು ಸಿಕ್ಕ ಹಾಗಾಗುತ್ತದೆ.

ಈಗ ಬಿಗ್ ಬ್ಯಾಂಗ್. ಶೂನ್ಯದಲ್ಲಿ ಪಟಾಕಿ ಸಿಡಿಯಿತು ಅಂತ ಅದು ಹೇಳುವುದಿಲ್ಲ. ಸುಮಾರು 1380 ಕೋಟಿ ವರ್ಷದ ಹಿಂದೆ ಎಲ್ಲವೂ ವಿಪರೀತ ಬಿಸಿಯಾಗಿ, ಒತ್ತೊತ್ತಾಗಿ ಇತ್ತು, ಅಲ್ಲಿಂದ ಹಿಗ್ಗುತ್ತಾ ಬಂತು ಅನ್ನುತ್ತದೆ. ಅದಕ್ಕೆ ಮುಂಚೆ ಏನು ಅನ್ನುವುದು ಇನ್ನೂ ತೆರೆದ ಪ್ರಶ್ನೆ. ಮುಖ್ಯವಾದದ್ದು ಇದನ್ನು ಒಪ್ಪಿದ ರೀತಿ. 1929ರಲ್ಲಿ ಹಬಲ್, ಗೆಲಾಕ್ಸಿಗಳು ದೂರವಾದಷ್ಟೂ ವೇಗವಾಗಿ ಓಡುತ್ತಿವೆ ಅಂತ ತೋರಿಸಿದ. 1948ರಲ್ಲಿ ಆಲ್ಫರ್ ಮತ್ತು ಹರ್ಮನ್, ಆ ಹಳೆಯ ಕಾವಿನ ಉಳಿಕೆ ಇಂದಿಗೂ ಸುಮಾರು 5 ಡಿಗ್ರಿ ಕೆಲ್ವಿನ್ ಇರಬೇಕು ಅಂತ ಲೆಕ್ಕ ಹಾಕಿದರು. 1965ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾದಲ್ಲಿ ಸುಮಾರು 3 ಡಿಗ್ರಿಯ ಆ ಕಾವು ಸಿಕ್ಕಿದ ಸುದ್ದಿ ಹೊರಬಂತು. ಸಿಗದೆ ಹೋಗಿದ್ದರೆ ಸಿದ್ಧಾಂತ ಬಿದ್ದುಹೋಗುತ್ತಿತ್ತು. ನಾಸದೀಯಕ್ಕೆ ಆ ಥರದ ಪರೀಕ್ಷೆ ಇಲ್ಲ, ಅದು ಕೇಳಿಯೂ ಇಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಸೂಕ್ತದ ಕೊನೆಯ ಮೂರು ಋಕ್ಕುಗಳನ್ನು ಕತ್ತರಿಸಿ ಬಿಸಾಡಬೇಕಾಗುತ್ತದೆ. ನನಗೆ ಆ ವ್ಯಾಪಾರ ನಷ್ಟದ್ದು ಅನ್ನಿಸುತ್ತದೆ.

ಹಾಗೆ ನೋಡಿದರೆ, ಕಲ್ಪಗಳ ಕಲ್ಪನೆ ಬಿಗ್ ಬ್ಯಾಂಗಿಗಿಂತ ಅದರ ಎದುರಾಳಿ ಸಿದ್ಧಾಂತಕ್ಕೇ ಹತ್ತಿರ. ಸಂಧ್ಯಾವಂದನೆ ಮಾಡುವವರು ಹೇಳುವ "ಋತಂ ಚ ಸತ್ಯಂ ಚ" ಮಂತ್ರದಲ್ಲಿ ಧಾತಾ, ಅಂದರೆ ಸೃಷ್ಟಿಕರ್ತ, ಸೂರ್ಯಚಂದ್ರರನ್ನು ಮುಂಚಿನ ಹಾಗೇ ಮಾಡಿದ ಅಂತ ಇದೆ. ಅಂದರೆ ಮುಂಚೆಯೂ ಒಂದು ಸುತ್ತು ಇತ್ತು ಅಂತ ಸಂಪ್ರದಾಯ ಅದನ್ನು ಓದುತ್ತದೆ. ಆದಿಯೇ ಇಲ್ಲದ, ಹಿಗ್ಗಿ ಕುಗ್ಗುತ್ತಾ ಸಾಗುವ ವಿಶ್ವದ ಸಿದ್ಧಾಂತವನ್ನು 1993ರಲ್ಲಿ ಹಾಯ್ಲ್, ಬರ್ಬಿಜ್ ಜೊತೆ ಮುಂದಿಟ್ಟವರು ನಮ್ಮ ಪುಣೆಯ ಖಗೋಳ ವಿಜ್ಞಾನಿ ಜಯಂತ ನಾರಳೀಕರ್. ಹುಟ್ಟಿದ್ದು ಕೊಲ್ಹಾಪುರದಲ್ಲಿ, 2025ರಲ್ಲಿ ತೀರಿಕೊಂಡರು. ಹೆಚ್ಚಿನ ವಿಜ್ಞಾನಿಗಳು ಅವರ ಸಿದ್ಧಾಂತ ಒಪ್ಪಲಿಲ್ಲ. ಅವರು ವಾದ ಮಾಡಿದ್ದು ಗೆಲಾಕ್ಸಿಗಳ ಬೆಳಕನ್ನು ಮುಂದಿಟ್ಟುಕೊಂಡು. ಪುರಾಣದ ಬಲ ಬೇಕಿದ್ದರೆ ಅವರಿಗಿಂತ ಸುಲಭವಾಗಿ ಯಾರಿಗೆ ಸಿಗುತ್ತಿತ್ತು?

ಅವರೇ ಕಟ್ಟಿ ಬೆಳೆಸಿದ ಖಗೋಳ ವಿಜ್ಞಾನದ ಆಯುಕಾ ಸಂಸ್ಥೆ ಪುಣೆಯ ಗಣೇಶಖಿಂಡದ ಯೂನಿವರ್ಸಿಟಿ ಆವರಣದಲ್ಲಿದೆ. ಅಂಗಳದಲ್ಲಿ ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್ ಜೊತೆ ಆರ್ಯಭಟನ ಪ್ರತಿಮೆಯೂ ಇದೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಅಲ್ಲಿ ಸಾರ್ವಜನಿಕರನ್ನು ಒಳಗೆ ಬಿಡುತ್ತಾರೆ. ಮಗಳಿಗೆ ಈ ವರ್ಷ ಬೋರ್ಡ್ ಪರೀಕ್ಷೆ ಇಲ್ಲವಲ್ಲ. ಕಲ್ಯಾಣದಲ್ಲಿ ಬೆಳಗಿನ ಪುಣೆ ಗಾಡಿ ಹತ್ತಿಸಿ, ಮಾವನವರನ್ನೂ ಜೊತೆಗೆ ಕಳಿಸಿ. ಗಾಡಿಯಲ್ಲಿ ಓದಲು ನಾಸದೀಯದ ಏಳೂ ಋಕ್ಕುಗಳನ್ನು ಒಂದು ಕಾಗದದಲ್ಲಿ ಬರೆದು ಕೊಡಿ. ನಾಲ್ಕಕ್ಕೆ ನಿಲ್ಲಿಸಬೇಡಿ.